ಕೌಂಟರಿನ ಹಿಂದೆ ಇಬ್ಬರು

ಆ ಬುಧವಾರ ನಾನು ನಮ್ಮ ಕ್ಲಬ್ಬಿನ ಹಿರಿಯ ಗಂಡಸರ ತಂಡದ ಫ್ರೇರ್ಕ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಆ ಪುಣ್ಯಾತ್ಮ ಡೈರಿ ತೆಗೆದು ನೋಡಿದ. ಹಾಳೆ ತಿರುವುವ ಸದ್ದು ನನಗೆ ಕೇಳಿಸಲೆಂದೇ ಡೈರಿಯನ್ನು ಫೋನಿನ ಹತ್ತಿರ ಹಿಡಿದಿರಬೇಕು.

"ಶನಿವಾರ ಆಗಲ್ಲ ರೂಲಿ. ಶನಿವಾರ ನಮ್ಮ ಬಾರ್ಬೆಕ್ಯೂ. ಜನವರಿಯಲ್ಲೇ ಬರೆದಿಟ್ಟಿದ್ದೀವಿ."

"ಎಲ್ಲಿ ನಿಮ್ಮ ಬಾರ್ಬೆಕ್ಯೂ?"

"ಕ್ಲಬ್ಬಲ್ಲೇ. ಕ್ಯಾಂಟೀನ್ ಮುಂದೆ."

"ಅಂದ್ರೆ ಹದಿನೆಂಟು ಜನ ಗಂಡಸರು ಕ್ಯಾಂಟೀನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ಮಾಂಸ ಸುಡ್ತಾ ಇರ್ತೀರಿ. ಅದರಲ್ಲಿ ಇಬ್ಬರು ಒಳಗೆ ಬಂದು ಎರಡು ಗಂಟೆ ಕಾಫಿ ಕೊಡೋಕೆ ನಿಮ್ಮ ಡೈರಿ ಒಪ್ಪಲ್ಲ."

"ಬೇಜಾರು ಮಾಡ್ಕೋಬೇಡ. ಕ್ಯಾಂಟೀನಲ್ಲಿ ನಮ್ಮ ಸರದಿ ಜೂನ್ ಏಳಕ್ಕೆ. ಆವತ್ತು ಬೆಳಗ್ಗೆ ಬೆಳಗ್ಗೇನೇ ಬಂದು ನಿಲ್ತೀನಿ, ನೋಡ್ತಿರು."

ಜೂನ್ ಏಳಕ್ಕೆ ಪಂದ್ಯವೇ ಇಲ್ಲ. ಇವನು ಬಂದು ಖಾಲಿ ಮೈದಾನಕ್ಕೆ ಕಾಫಿ ಕೊಡುತ್ತಾನೆ. ಫೋನ್ ಇಟ್ಟು ಹಲ್ಲು ಕಡಿದೆ.

ನಮ್ಮ ಕ್ಲಬ್ಬಿನ ಹೆಸರು ಓಲ್ಡವೀರ ಬಾಯ್ಸ್. ನಾವು ಆ ಬಾಯ್ಸ್‌ನ ಹೆಂಗಸರ ಫುಟ್‌ಬಾಲ್ ತಂಡ. ಈ ಹೆಸರನ್ನು ಬದಲಾಯಿಸೋಣವೆಂದು ವೀಪ್ಕೆ ಎರಡು ವಾರ್ಷಿಕ ಸಭೆಗಳಲ್ಲಿ ಎದ್ದು ನಿಂತಳು, ಎರಡರಲ್ಲೂ ಸೋತಳು. ಆಡುವವರು ನಾವು, ಎದೆಯ ಮೇಲೆ ಬರೆದಿರುವುದು ಬಾಯ್ಸ್ ಅಂತ. ಆ ಅಂಗಿಗಳನ್ನು ಹನ್ನೊಂದು ವರ್ಷದಿಂದ ಒಗೆಯುತ್ತಿರುವವಳು ನಾನು. ತಂಡದ ಮೇಲ್ವಿಚಾರಕಿ ಅನ್ನುತ್ತಾರೆ, ಒಗೆಯುವವಳು ಎಂದರೂ ನನಗೇನೂ ಬೇಸರವಿಲ್ಲ.

ವೀಪ್ಕೆ ನಮ್ಮ ಕೋಚ್. ಅರವತ್ತೆರಡು ವರ್ಷ. ಎಡ ಸೊಂಟದ ಕೀಲನ್ನು ಬದಲಾಯಿಸಿ ಎರಡು ವರ್ಷವಾಯಿತು. ದೇಶಕ್ಕಾಗಿ ಅರವತ್ತೆಂಟು ಪಂದ್ಯ ಆಡಿದವಳು. ಈಗ ದೇಶದ ತಂಡದ ಹುಡುಗಿಯರನ್ನು ವಿಮಾನದಲ್ಲಿ ಒಯ್ಯುತ್ತಾರೆ, ಸಂಬಳ ಕೊಡುತ್ತಾರೆ, ಕಾಲು ನೀವಲು ಜನ ಇಟ್ಟಿದ್ದಾರೆ. ಇವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದಳು. ಪಂದ್ಯಕ್ಕೆ ಹೋಗಲು ತನ್ನ ರಜೆಯನ್ನೇ ಖರ್ಚು ಮಾಡುತ್ತಿದ್ದಳು. ಗಂಡಸರ ಅಳತೆಯ ಅಂಗಿ ಕೊಡುತ್ತಿದ್ದರು, ಅದು ಮೊಣಕಾಲಿಗೆ ಬಡಿಯುತ್ತಿತ್ತು, ಪಂದ್ಯ ಮುಗಿದ ಮೇಲೆ ಅದನ್ನು ಒಗೆದು ವಾಪಸ್ ಕಳಿಸಬೇಕಿತ್ತು.

ಎಂಬತ್ತೊಂಬತ್ತರಲ್ಲಿ ನಾರ್ವೆಯ ಮಳೆಯಲ್ಲಿ ಅವಳು ಒಂದು ಗೋಲು ಹೊಡೆದಳು. ಮಧ್ಯದ ಗೆರೆಯಿಂದ ಒಬ್ಬಳೇ ಚೆಂಡು ತೆಗೆದುಕೊಂಡು ಹೋಗಿ, ನಾಲ್ಕು ಜನರನ್ನು ದಾಟಿ. ಟೀವಿಯವರು ಬಂದಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಎರಡು ಸಾಲು, ಅದರಲ್ಲೂ ಹೆಸರು ತಪ್ಪು. ಭಾನುವಾರ ಅವಳು ಬಸ್ಸಿಳಿದು ಚೀಲದ ಸಮೇತ ಸೀದಾ ನಮ್ಮ ಕ್ಯಾಂಟೀನಿಗೆ ಬಂದಳು. ಬಾಗಿಲಲ್ಲಿ ನಿಂತು, "ನಿನ್ನೆ ನಾನೊಂದು ಗೋಲು ಹೊಡೆದೆ ಕಣ್ರೋ" ಅಂದಳು. ಗಂಡಸರೆಲ್ಲ ಟೀವಿಯಲ್ಲಿ ಯಾವುದೋ ಪಂದ್ಯ ನೋಡುತ್ತಿದ್ದರು. ಅವರಲ್ಲೊಬ್ಬ, "ಚೆನ್ನಾಯ್ತು ವೀಪ್ಕೆ, ಸ್ವಲ್ಪ ಪಕ್ಕಕ್ಕೆ ಸರಿ, ಕಾಣಿಸ್ತಿಲ್ಲ" ಅಂದ. ನಾನು ಕೌಂಟರಿನ ಹಿಂದೆ ಲೋಟ ತೊಳೆಯುತ್ತಿದ್ದೆ. ಅವಳು ಪಕ್ಕಕ್ಕೆ ಸರಿದಳು. ನಾನೂ ಏನೂ ಕೇಳಲಿಲ್ಲ. ಅದೊಂದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ತರಬೇತಿಯ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದಳು. ಇಪ್ಪತ್ನಾಲ್ಕು ಜನರ ತರಗತಿಯಲ್ಲಿ ಇವಳೊಬ್ಬಳೇ ಹೆಂಗಸು. ಕಾಫಿ ಯಾರು ತರುತ್ತಾರೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಇಪ್ಪತ್ಮೂರು ತಲೆಗಳು ಇವಳ ಕಡೆ ತಿರುಗುತ್ತಿದ್ದವಂತೆ. ನಗರದ ದೊಡ್ಡ ತಂಡವೊಂದರಲ್ಲಿ ಆರು ವರ್ಷ ಕೋಚ್ ಆಗಿದ್ದಳು. ಅಧ್ಯಕ್ಷರು ಬದಲಾದ ವರ್ಷ ಅಲ್ಲಿಂದ ಹೂಗುಚ್ಛ ಕೊಟ್ಟು ಕಳಿಸಿದರು. ಊರಿಗೆ ಬಂದು ನಮ್ಮ ತಂಡ ಹಿಡಿದಳು. ಹನ್ನೊಂದು ವರ್ಷದಲ್ಲಿ ನಾವು ನಾಲ್ಕು ಸಲ ಎರಡನೇ ಸ್ಥಾನಕ್ಕೆ ಬಂದೆವು, ಒಮ್ಮೆಯೂ ಮೇಲಿನ ದರ್ಜೆಗೆ ಹೋಗಲಿಲ್ಲ. ಚಳಿಗಾಲದಲ್ಲಿ ಅವಳು ಹುಡುಗಿಯರನ್ನು ಕೂರಿಸಿಕೊಂಡು, ಇದೇ ನನ್ನ ಕೊನೆಯ ವರ್ಷ ಎಂದು ಹೇಳಿದ್ದಳು. ಶನಿವಾರದ ಪಂದ್ಯ ಆ ಕೊನೆಯ ವರ್ಷದ ಕೊನೆಯ ಪಂದ್ಯ. ಎದುರಾಳಿ ಹಾಲ್ಮಾ. ಗೆದ್ದರೆ ನಾವು ಮೇಲಕ್ಕೆ. ಸಮ ಮಾಡಿಕೊಂಡರೂ ಅವರು ಮೇಲಕ್ಕೆ.

ಆ ಪಂದ್ಯ ಮಾರ್ಚಿನಲ್ಲೇ ಆಗಬೇಕಿತ್ತು. ಮೈದಾನ ಒದ್ದೆಯೆಂದು ರದ್ದಾಗಿ, ಮೇ ತಿಂಗಳ ಕೊನೆಯ ಶನಿವಾರಕ್ಕೆ ಹೋಯಿತು. ಕ್ಯಾಂಟೀನಿನ ಸರದಿ ಪಟ್ಟಿಯಾದರೋ ಹಿಂದಿನ ಆಗಸ್ಟಿನಲ್ಲೇ ಪ್ಲಾಸ್ಟಿಕ್ ಹೊದಿಸಿ ಫ್ರಿಜ್ಜಿನ ಪಕ್ಕ ಅಂಟಿಸಿದ್ದು. ಅದರಲ್ಲಿ ಮೇ ತಿಂಗಳ ಕೊನೆಯ ಶನಿವಾರದ ಎದುರು ಬರೆದಿತ್ತು: ಹೆಂಗಸರು ಒಂದು, ಅಂದರೆ ನಾವು.

ಈ ಸರದಿಯ ನಿಯಮ ಹುಟ್ಟಿದ್ದು ಎರಡು ಸಾವಿರದ ಎರಡರಲ್ಲಿ. ಅದಕ್ಕೂ ಮೊದಲು ಕೌಂಟರಿನ ಹಿಂದೆ ಇರುತ್ತಿದ್ದವರು ಹೆಂಗಸರೇ. ಗಂಡಸರ ಸರದಿ ಬಂದ ದಿನ ಅವರ ಹೆಂಡತಿಯರು ಬಂದು ನಿಲ್ಲುತ್ತಿದ್ದರು. ಆ ವರ್ಷದ ಸಭೆಯ ಕೊನೆಗೆ, ಯಾರಿಗಾದರೂ ಇನ್ನೇನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಕೇಳಿದಾಗ, ವೀಪ್ಕೆ ಎದ್ದು ನಿಂತು ಚೀಟಿ ತೆಗೆದು ಓದಿದಳು. ಸರದಿಯ ತಂಡದ ಇಬ್ಬರು ಹನ್ನೆರಡರಿಂದ ಐದರವರೆಗೆ ಕೌಂಟರಿನ ಹಿಂದೆ ಇರತಕ್ಕದ್ದು. ಇಬ್ಬರೂ ಆ ತಂಡದವರೇ ಆಗಿರತಕ್ಕದ್ದು, ಹೆಂಡತಿ, ತಾಯಿ, ಅಕ್ಕತಂಗಿಯರನ್ನು ಕಳಿಸತಕ್ಕದ್ದಲ್ಲ. ತಪ್ಪಿದ ತಂಡ ಆ ವಾರದ ಪಂದ್ಯ ಆಡತಕ್ಕದ್ದಲ್ಲ. ಎಲ್ಲರಿಗೂ ಮನೆಗೆ ಹೋಗುವ ಆತುರ. ಕೈ ಎತ್ತಿ ಪಾಸು ಮಾಡಿಬಿಟ್ಟರು. ಮಾರನೇ ವಾರ ಫ್ರೇರ್ಕ್ ಜೀವಮಾನದಲ್ಲಿ ಮೊದಲ ಸಲ ಏಪ್ರನ್ ಕಟ್ಟಿಕೊಂಡ. ಅದರ ಫೋಟೋ ಇನ್ನೂ ನನ್ನ ಹತ್ತಿರ ಇದೆ.

ಈಗ ಅದೇ ನಿಯಮ ನಮ್ಮ ಕುತ್ತಿಗೆಗೆ ಬಂದಿತ್ತು. ಹದಿನಾರು ಜನರಲ್ಲಿ ಒಬ್ಬಳಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ಒಬ್ಬಳು ಎಂಟು ತಿಂಗಳ ಬಸುರಿ, ಇಬ್ಬರು ಕೆಲಸದ ಮೇಲೆ ಹೊರದೇಶದಲ್ಲಿ, ಒಬ್ಬಳು ಅಕ್ಕನ ಮದುವೆಗೆಂದು ಮೊರಾಕ್ಕೋಗೆ ಹೋಗಿದ್ದಳು. ಉಳಿದವರು ಸರಿಯಾಗಿ ಹನ್ನೊಂದು. ಗಂಡಸರ ಬೇರೆ ಎರಡು ತಂಡಗಳೂ ಆವತ್ತು ಪರವೂರಿನಲ್ಲಿ. ಚಿಕ್ಕ ಹುಡುಗರು ಬಿಯರ್ ಕೊಡುವ ಹಾಗಿಲ್ಲ. ಉಳಿದದ್ದು ಐವತ್ತು ದಾಟಿದವರ ಫ್ರೇರ್ಕ್‌ನ ತಂಡ. ಅದರ ಕಥೆ ಆಗಲೇ ಹೇಳಿದೆ.

ಗುರುವಾರ ಅಭ್ಯಾಸ ಮುಗಿಯುವ ಹೊತ್ತಿಗೆ ಅಧ್ಯಕ್ಷ ಸೀಟ್ಸೆ ಸೈಕಲ್ ತಳ್ಳಿಕೊಂಡು ಬಂದ. ಒಳ್ಳೆಯ ಸುದ್ದಿ ತಂದವನ ಮುಖ.

"ವೀಪ್ಕೆ, ಸಮಿತಿಯವರೆಲ್ಲ ಮಾತಾಡ್ಕೊಂಡ್ವಿ. ವಿಶೇಷ ಸಂದರ್ಭ ಅಂತ ಬರ್ಕೊಂಡು ಈ ಸಲ ನಿಮ್ಮನ್ನ ಬಿಟ್ಟುಬಿಡ್ತೀವಿ. ಪಾರ್ಕಿಂಗ್ ನೋಡ್ಕೊಳ್ಳೋರ ಹೆಂಡತಿಯರು ಇಬ್ಬರು ಬರ್ತೀವಿ ಅಂದಿದ್ದಾರೆ."

ನನಗೆ ಎಷ್ಟು ಹಾಯೆನಿಸಿತೆಂದರೆ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ವೀಪ್ಕೆ ಮಾತ್ರ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುವುದನ್ನು ನಿಲ್ಲಿಸಲಿಲ್ಲ.

"ಮುಂದಿನ ವಿಶೇಷ ಸಂದರ್ಭ ಯಾವಾಗ ಸೀಟ್ಸೆ?"

"ಅಂದ್ರೆ?"

"ಗಂಡಸರ ಮೊದಲನೇ ತಂಡಕ್ಕೆ ಸೆಪ್ಟೆಂಬರಲ್ಲಿ ಎಷ್ಟು ಸರದಿ?"

ಸೀಟ್ಸೆ ಸೈಕಲ್ಲಿನ ಗಂಟೆಯನ್ನು ಬೆರಳಿಂದ ಒರೆಸಿದ. "ಮೂರು. ಅವರೂ ಪಾಪ ಕೇಳ್ತಾನೇ ಇದ್ದಾರೆ. ಅದನ್ನ ಆಮೇಲೆ ನೋಡೋಣ ಬಿಡು."

"ನೋಡೋದೇನಿದೆ. ಇವತ್ತು ನಂಗೆ ಬಿಟ್ರೆ ನಾಳೆ ಅವರಿಗೆ ಬಿಡ್ತೀರಿ. ಆಗ ನಾನು ಬಾಯಿ ಬಿಡೋ ಹಾಗಿರಲ್ಲ. ಬರೋ ವರ್ಷದ ಹೊತ್ತಿಗೆ ಈ ಕೌಂಟರ್ ಹಿಂದೆ ಮತ್ತೆ ಬರೀ ಹೆಂಗಸರು. ನಿಮ್ಮ ಉಪಕಾರ ಬೇಡ, ಹೋಗು."

"ಮತ್ತೆ ಯಾರು ನಿಲ್ತಾರೆ?"

"ತಂಡದವರು ಇಬ್ಬರು. ನಾನು, ರೂಲಿ."

ಸೀಟ್ಸೆ ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. "ನಿಂಗೆ ತಲೆ ನೆಟ್ಟಗಿದೆಯಾ? ಹನ್ನೊಂದು ವರ್ಷ ಕಾದಿದ್ದೀಯ. ಆ ಹುಡುಗಿಯರು ಗೆರೆ ಹತ್ರ ನಿನ್ನ ಮುಖ ಹುಡುಕ್ತಾರೆ. ನೀನು ಒಳಗೆ ಮಾಂಸದ ಕ್ರೊಕೆಟ್ ಕರೀತಾ ಇರ್ತೀಯ!"

"ಹೇಗೆ ಆಡ್ಬೇಕು ಅಂತ ಹನ್ನೊಂದು ವರ್ಷ ಹೇಳಿಕೊಟ್ಟಿದ್ದೀನಿ. ಶನಿವಾರನೂ ನಾನೇ ಹೇಳ್ಬೇಕು ಅಂದ್ರೆ ಅಷ್ಟು ವರ್ಷ ನಾನೇನು ಮಾಡ್ದೆ?"

"ನಿಯಮ ಬರೆದವಳು ನೀನೇ ಅಲ್ವಾ, ನೀನೇ ಒಂದು ದಿನ..."

"ಅದಕ್ಕೇ ಕಣೇ. ಬರೆದವಳು ನಾನೇ ಅಂತಲೇ ಆಗಲ್ಲ."

ಇಂಥ ಹಟಮಾರಿಯ ಜೊತೆ ನಲವತ್ತೈದು ವರ್ಷದ ಸ್ನೇಹ. ಯಾರಿಗೆ ಹೇಳಿಕೊಳ್ಳಲಿ.

ಶನಿವಾರ ಹನ್ನೆರಡಕ್ಕೆ ಏಪ್ರನ್ ಕಟ್ಟಿಕೊಂಡೆವು. ಎಣ್ಣೆ ಕಾಯಲು ಇಟ್ಟು, ಬ್ರೆಡ್ಡು ಸೀಳಿ, ಸಾಸಿವೆ ಗೊಜ್ಜಿನ ಡಬ್ಬಿ ತುಂಬಿ ತಲೆ ಎತ್ತಿದರೆ ಕಿಟಕಿಯಲ್ಲಿ ಮೈದಾನದ ಬಲಭಾಗವೇ ಇಲ್ಲ! ಫ್ರೇರ್ಕ್‌ನ ಕಡೆಯವರು ಕಿಟಕಿಯ ಎದುರಿಗೇ ಬಿಳಿ ಡೇರೆ ಹಾಕಿದ್ದರು. ಎಡಗಡೆಯ ಗೋಲು ಕಾಣುತ್ತಿತ್ತು, ಮಧ್ಯದ ಗೆರೆ ಕಾಣುತ್ತಿತ್ತು, ಅಲ್ಲಿಂದಾಚೆಗೆ ಡೇರೆ ಮತ್ತು ಹೊಗೆ. ನಾನು ಕಿಂಡಿ ತೆಗೆದು ಕೂಗಿದೆ.

"ಫ್ರೇರ್ಕ್! ಡೇರೆ ಸರಿಸೋ!"

"ಹಗ್ಗ ಬಿಗಿದಾಗಿದೆ ರೂಲಿ! ಕೆಳಗೆ ಬೆಂಕಿ ಬೇರೆ ಹಾಕಿದ್ದೀವಿ! ಮೊದಲೇ ಹೇಳ್ಬಾರ್ದಿತ್ತಾ?"

ಪಂದ್ಯ ಶುರುವಾದಾಗ ನಮ್ಮವರು ಎಡಕ್ಕೆ ದಾಳಿ ಮಾಡುತ್ತಿದ್ದರು, ಅಷ್ಟೇ ಸಮಾಧಾನ. ಬೇಸಿಗೆಯಲ್ಲಿ ಐಸ್‌ಕ್ರೀಮ್ ಕೊಡುವ ಕಿಂಡಿಯಿಂದ ವೀಪ್ಕೆ ಅರ್ಧ ಮೈ ಹೊರಗೆ ಹಾಕಿ ಕೂಗಲು ತೊಡಗಿದಳು. "ಬ್ರೆಹ್ಟ್, ಒಳಗೆ ಬಾ! ಇನ್ನೂ ಒಳಗೆ!" ಹಿಂದಿನಿಂದ ನಾನು, "ಎರಡು ಬಿಯರ್, ಮೂರು ಕಾಫಿ!" ಅವಳು ತಿರುಗಿ ಮೂರು ಕಾಫಿ ಸುರಿದು ಮತ್ತೆ ಕಿಂಡಿಗೆ. ಇಪ್ಪತ್ತನೇ ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿ ನಮ್ಮ ಕಿಂಡಿಯ ಹತ್ತಿರ ಬಂದ.

"ಮೇಡಂ, ಕೋಚ್ ಆದವರು ಗೆರೆ ಪಕ್ಕದ ಜಾಗದಿಂದಲೇ ಮಾತಾಡ್ಬೇಕು."

"ನಾನು ಕೋಚ್ ಅಲ್ಲ, ಕ್ಯಾಂಟೀನಿನವಳು. ಏಪ್ರನ್ ಕಾಣಿಸ್ತಿಲ್ವಾ? ನಿಂಗೇನು ಬೇಕು?"

"ಏನೂ ಬೇಡ."

"ಹಾಗಾದ್ರೆ ಕಿಂಡಿ ಬಿಟ್ಟು ನಿಂತ್ಕೋ. ಹಿಂದೆ ಗಿರಾಕಿಗಳು ಕಾಯ್ತಿದ್ದಾರೆ."

ವಿರಾಮದ ಹೊತ್ತಿಗೆ ಸೊನ್ನೆ ಸೊನ್ನೆ. ವಿರಾಮದಲ್ಲಿ ಎರಡೂ ತಂಡದ ಕೋಣೆಗೆ ಚಹಾ ಒಯ್ದು ಕೊಡುವುದು ಸರದಿಯವರ ಕೆಲಸ. ವೀಪ್ಕೆಯ ಮುಖದಲ್ಲಿ ಆವತ್ತು ಮೊದಲ ಸಲ ನಗು ಕಂಡಿದ್ದು ಆಗಲೇ. ಎರಡು ದೊಡ್ಡ ಜಗ್ಗು ಹಿಡಿದು ಕುಂಟುತ್ತ ಓಡಿದಳು. ಅತಿಥಿಗಳಿಗೆ ಮೊದಲು ಕೊಡಬೇಕೆಂಬುದು ಪದ್ಧತಿ. ಹಾಲ್ಮಾದವರು ಸಕ್ಕರೆ ಕೇಳಿ ಅವಳ ಒಂದು ನಿಮಿಷ ತಿಂದರಂತೆ. ನಮ್ಮವರ ಕೋಣೆಯಲ್ಲಿ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ನನ್ನ ಮುಂದೆ ಮೂವತ್ತು ಜನರ ಸಾಲು, ಎಣ್ಣೆಯಲ್ಲಿ ಹದಿನಾರು ಕ್ರೊಕೆಟ್, ಕೈಯಲ್ಲಿ ಸುಟ್ಟ ಗಾಯ.

ವಿರಾಮದ ನಂತರ ತಂಡಗಳು ಬದಿ ಬದಲಾಯಿಸಿದವು. ನಮ್ಮವರು ದಾಳಿ ಮಾಡಬೇಕಾದದ್ದು ಈಗ ಬಲಕ್ಕೆ, ಡೇರೆಯ ಹಿಂದೆ. ಗೋಲು ಕಾಯುವ ನಮ್ಮ ಗೋಲಿ ಒಬ್ಬಳೇ ಎಡಗಡೆ ನಿಂತಿರುವುದು ಕಾಣುತ್ತಿತ್ತು. ಅವಳು ಮುಂದೆ ಬಂದರೆ ಚೆಂಡು ಆ ಕಡೆ ದೂರದಲ್ಲಿದೆ ಅಂತ, ಹಿಂದೆ ಸರಿದರೆ ಈ ಕಡೆ ಬರುತ್ತಿದೆ ಅಂತ. ಮೂವತ್ತು ನಿಮಿಷ ನಾವು ಆ ಪಂದ್ಯವನ್ನು ಗೋಲಿಯ ಬೆನ್ನು ನೋಡಿಕೊಂಡು ತಿಳಿದುಕೊಂಡೆವು. ನನಗೆ ತಡೆಯಲಾಗಲಿಲ್ಲ.

"ಹೋಗೇ ಮಾರಾಯ್ತಿ. ಹತ್ತು ನಿಮಿಷ. ನಾನೊಬ್ಬಳೇ ನೋಡ್ಕೋತೀನಿ."

"ಇಬ್ಬರು ಅಂತ ಇದೆ."

"ಯಾರು ಎಣಿಸ್ತಾರೆ?"

"ನಾನೇ ಎಣಿಸ್ತೀನಲ್ಲ."

ಕೌಂಟರಿನ ಮುಂದೆ ಸೀಟ್ಸೆ ಬಂದು ನಿಂತಿದ್ದ. ಅಧ್ಯಕ್ಷನಾದವನು ಹೊರಗೆ ಪಂದ್ಯ ನೋಡಬೇಕೋ ಬೇಡವೋ? ಕ್ರೊಕೆಟ್ ತೆಗೆದುಕೊಂಡು, "ವೀಪ್ಕೆ, ಸಾಸಿವೆ ಸ್ವಲ್ಪ" ಅಂದ. ಅವಳು ಡಬ್ಬಿ ಕೈಗೆತ್ತಿಕೊಂಡಳು. ಆಗ ಹೊರಗಿನಿಂದ ಸದ್ದು ಬಂತು. ಮೊದಲು ಒಂದು ಕಿರುಚಾಟ, ಆಮೇಲೆ ಎಲ್ಲರದೂ. ಫ್ರೇರ್ಕ್‌ನವರು ಮಾಂಸ ಬಿಟ್ಟು ಕುಣಿಯುತ್ತಿದ್ದರು, ಡೇರೆ ಅಲ್ಲಾಡುತ್ತಿತ್ತು. ಎಡಗಡೆಯ ನಮ್ಮ ಗೋಲಿ ಮೊಣಕಾಲೂರಿ ಎರಡೂ ಕೈ ಮೇಲೆತ್ತಿದಳು.

"ನಮ್ಮದು" ಎಂದಳು ವೀಪ್ಕೆ. ಸೀಟ್ಸೆಯ ತಟ್ಟೆಯಲ್ಲಿ ಅರ್ಧ ಡಬ್ಬಿ ಸಾಸಿವೆ ಬಿದ್ದಿತ್ತು.

ಆಮೇಲಿನ ನಾಲ್ಕು ನಿಮಿಷ ಗೋಲಿಯ ಬೆನ್ನು ಹಿಂದೆ ಹಿಂದೆ ಬರುತ್ತಿತ್ತು. ನಾನು ಒರೆಸುವ ಬಟ್ಟೆಯನ್ನು ಹಿಂಡಿ ಹಿಂಡಿ ನೀರೇ ಇಲ್ಲದ ಹಾಗೆ ಮಾಡಿದೆ. ಕೊನೆಗೆ ರೆಫರಿ ಸೀಟಿ ಊದಿದ. ಒಂದು ಸೊನ್ನೆ. ನಾವು ಮೇಲಕ್ಕೆ.

ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಅವಳು ನನ್ನ ಬೆನ್ನು ತಟ್ಟಿ, "ಎಣ್ಣೆ ಕೆಳಗಿನ ಉರಿ ಕಡಿಮೆ ಮಾಡು, ಈಗ ಎಲ್ಲರೂ ಬರ್ತಾರೆ" ಅಂದಳು. ಬಂದರು. ನಾಲ್ಕೂ ಇಪ್ಪತ್ತು. ಸಾಲು ಬಾಗಿಲು ದಾಟಿ ಹೊರಗಿತ್ತು. ಫ್ರೇರ್ಕ್ ಕೂಡ ಬಂದ, ಕಣ್ಣು ಕೆಂಪಾಗಿತ್ತು. ಹೊಗೆಯಿಂದಲೋ ಏನೋ.

"ವೀಪ್ಕೆ, ನೀನು ಹೋಗು. ಇನ್ನು ನಾನು ನಿಲ್ತೀನಿ" ಅಂದ.

"ಈಗ? ಪಂದ್ಯ ಮುಗಿದ ಮೇಲೆ?" ಎಂದೆ ನಾನು. ನನ್ನ ಕೈಯಲ್ಲಿ ಬಿಸಿ ಜಾಲರಿ ಇತ್ತು, ಅವನು ಹಿಂದೆ ಸರಿದ.

"ನಿನ್ನ ಸರದಿ ಜೂನ್ ಏಳಕ್ಕೆ" ಎಂದಳು ವೀಪ್ಕೆ. "ಸಾಲಲ್ಲಿ ನಿಂತ್ಕೋ."

ಆಗ ಹುಡುಗಿಯರು ಬಂದರು. ಬೂಟು ಹಾಕಿಕೊಂಡು ಕ್ಯಾಂಟೀನಿಗೆ ಬರುವ ಹಾಗಿಲ್ಲ, ಹನ್ನೊಂದೂ ಜನ ಕೆಸರಿನ ಕಾಲುಚೀಲದಲ್ಲಿ. ಎಲ್ಲರೂ ಒಟ್ಟಿಗೇ ಬಾಯಿ ಹಾಕಿದರು.

"ಕೋಚ್, ನೋಡಿದ್ಯಾ? ಫಾರ್ಡಾವ್ ಹೊಡೆದದ್ದು ನೋಡಿದ್ಯಾ?"

ವೀಪ್ಕೆ ಕಿಟಕಿಯ ಕಡೆ ನೋಡಿದಳು. ಹುಡುಗಿಯರೂ ನೋಡಿದರು. ಬಿಳಿ ಡೇರೆ.

"ಯಾರಾದ್ರೂ ವಿಡಿಯೋ ಮಾಡಿರ್ಬೇಕು" ಎಂದೆ ನಾನು. "ಅಷ್ಟು ಜನ ಅಪ್ಪ ಅಮ್ಮಂದಿರು ಇದ್ರಲ್ಲ."

"ಗೆರೆ ಹತ್ರ ಫೋನ್ ತೆಗೀಬಾರ್ದು ಅಂತ ಕೋಚೇ ಅಲ್ವಾ ಬೋರ್ಡ್ ಹಾಕಿಸಿದ್ದು" ಎಂದಳು ಗೋಲಿ ಇಕ್ರಾಮ್. "ಕಣ್ಣಲ್ಲಿ ನೋಡ್ರಿ ಅಂತ."

ಹೌದು, ಅದೂ ಇವಳದೇ ನಿಯಮ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೂವತ್ತಾರು ವರ್ಷದ ಹಿಂದೆ ಇವಳ ಗೋಲನ್ನು ಯಾರೂ ನೋಡಲಿಲ್ಲ, ಇವತ್ತು ಇವಳಿಗೆ ಇವಳ ಹುಡುಗಿಯ ಗೋಲು ನೋಡಲು ಸಿಗಲಿಲ್ಲ.

ವೀಪ್ಕೆ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಫಾರ್ಡಾವ್, ಎಡಗಾಲಾ ಬಲಗಾಲಾ?"

"ಎಡಗಾಲು."

"ಎಲ್ಲಿಂದ ಶುರು ಮಾಡ್ದೆ?"

"ಬ್ರೆಹ್ಟ್ ಕೊಟ್ಳು, ನಾನು ಹೀಗೆ ತಿರುಗಿ..." ಅವಳು ಕೈ ಆಡಿಸಿ ತೋರಿಸಹೋದಳು.

"ಕೈಯಲ್ಲಿ ಬೇಡ. ಕಾಲಲ್ಲಿ ತೋರ್ಸು."

ಬ್ರೆಹ್ಟ್ ನಾಲ್ಕು ಕುರ್ಚಿ ಎಳೆದು ನಿಲ್ಲಿಸಿದಳು, ಅವು ಹಾಲ್ಮಾದ ಹುಡುಗಿಯರು. ಟೀವಿಯ ಕೆಳಗೆ ಎರಡು ಬಿಯರ್ ಪೆಟ್ಟಿಗೆ ಇಟ್ಟರು, ಅದು ಗೋಲು. ಚೆಂಡು ಒಳಗೆ ತರುವ ಹಾಗಿಲ್ಲ, ಅದೂ ಒಂದು ನಿಯಮ. ಇಕ್ರಾಮ್ ತನ್ನ ಎರಡು ಕೈಗವಸು ಸೇರಿಸಿ ಉಂಡೆ ಮಾಡಿ ಕೊಟ್ಟಳು. ಫಾರ್ಡಾವ್ ಬಾಗಿಲಿನಿಂದ ಹೊರಟಳು. ಮೊದಲ ಕುರ್ಚಿಯ ಎಡಕ್ಕೆ, ಎರಡನೆಯದರ ಬಲಕ್ಕೆ, ಮೂರನೆಯದರ ಹತ್ತಿರ ಒಂದು ಕ್ಷಣ ನಿಂತು, ನಾಲ್ಕನೆಯದನ್ನು ದಾಟಿ ಹೊಡೆದಳು. ಕೈಗವಸು ಪೆಟ್ಟಿಗೆಗಳ ನಡುವೆ ಹೋಗಿ ಗೋಡೆಗೆ ಬಡಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ವೀಪ್ಕೆಯನ್ನು ನೋಡುತ್ತಿದ್ದರು. ಅವಳು ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಗದ್ದಕ್ಕೆ ಕೈ ಕೊಟ್ಟು ನೋಡುತ್ತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸಾಲಿನ ಮುಂದೆ ಇದ್ದವನು ಸೀಟ್ಸೆ. "ವೀಪ್ಕೆ, ಒಂದು ಕಾಫಿ..."

"ಸೀಟ್ಸೆ" ಎಂದೆ ನಾನು. ಮೂವತ್ತಾರು ವರ್ಷದ ಹಿಂದೆ ಆಡಬೇಕಾಗಿದ್ದ ಮಾತು ಈಗ ಬಾಯಿಗೆ ಬಂತು. "ಸ್ವಲ್ಪ ಪಕ್ಕಕ್ಕೆ ಸರಿ. ಅವಳಿಗೆ ಕಾಣಿಸ್ತಿಲ್ಲ."

ಅವನು ಸರಿದ. ಅವನ ಹಿಂದಿನವರೂ ಸರಿದರು.

"ಇನ್ನೊಂದ್ ಸಲ ತೋರ್ಸು" ಎಂದಳು ವೀಪ್ಕೆ. ಫಾರ್ಡಾವ್ ಕೈಗವಸು ಎತ್ತಿಕೊಂಡು ಮತ್ತೆ ಬಾಗಿಲಿಗೆ ಹೋದಳು.